ಆಕಾಶದಲ್ಲಿ 36 ನಿಮಿಷ, ನೆಲದಲ್ಲಿ ಆರು ಮುಕ್ಕಾಲು ಗಂಟೆ: ಸೋಗಾನೆ ವಿಮಾನ ನಿಲ್ದಾಣದ ಬಗ್ಗೆ ಒಂದು ಬಹಿರಂಗ ಪತ್ರ

ಮಾನ್ಯ ಮೂಲಸೌಕರ್ಯ ಅಭಿವೃದ್ಧಿ ಸಚಿವರಿಗೆ, ಸಾರಿಗೆ ಸಚಿವರಿಗೆ, ಮತ್ತು ಶಿವಮೊಗ್ಗ ಹತ್ತಿರ ಸೋಗಾನೆಯಲ್ಲಿರುವ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣದ ಕೆಲಸದಲ್ಲಿರುವ ಎಲ್ಲರಿಗೂ,

ನಮಸ್ಕಾರ.

ನಾನು ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರ. ಪೇಟೆಯಿಂದ ಹದಿನಾಲ್ಕು ಕಿಲೋಮೀಟರ್ ಒಳಗೆ ನಮ್ಮ ಮನೆ. ಈ ಪತ್ರ ಬರೆಯೋದಕ್ಕೆ ಕಾರಣ ನಮ್ಮ ಅಣ್ಣನ ಮೊಮ್ಮಗಳು ಕೇಳಿದ ಒಂದು ಪ್ರಶ್ನೆ.

ಅವಳಿಗೆ ಏಳನೇ ಕ್ಲಾಸು. ಶಾಲೆಯಲ್ಲಿ ನಕ್ಷೆ ನೋಡಿ ದೂರ ಅಳೆಯುವ ಪಾಠ ನಡೆದಿತ್ತು. ಒಂದು ಸಂಜೆ ಜಗಲಿ ಮೇಲೆ ಅಟ್ಲಾಸ್ ಹರಡಿಕೊಂಡು ಕೂತಳು. ದಾರ ಸಿಗಲಿಲ್ಲ ಅಂತ, ಅವಳಜ್ಜಿ ಹೂ ಕಟ್ಟೋಕೆ ಸೀಳಿಟ್ಟಿದ್ದ ಬಾಳೆನಾರಿನಲ್ಲೇ ಒಂದು ಎಳೆ ತಂದಳು. ಶಿವಮೊಗ್ಗದ ಚುಕ್ಕಿ ಮೇಲೆ ಒಂದು ತುದಿ, ದೇವನಹಳ್ಳಿ ಹತ್ತಿರ ಇನ್ನೊಂದು ತುದಿ. ನಾರನ್ನು ಬಿಗಿಯಾಗಿ ಎಳೆದು, ಕೆಳಗಿದ್ದ ಅಳತೆಪಟ್ಟಿಗೆ ಹಿಡಿದು ನೋಡಿದಳು. ಸುಮಾರು 240 ಕಿಲೋಮೀಟರ್ ಬಂತು. ಆಮೇಲೆ ಅದೇ ನಾರನ್ನು ಬಿ.ಎಚ್. ರಸ್ತೆಯ ಗೆರೆ ಮೇಲೆ ಬಗ್ಗಿಸುತ್ತಾ ಹೋದಳು. ಭದ್ರಾವತಿ, ತರೀಕೆರೆ, ಕಡೂರು, ಅರಸೀಕೆರೆ, ತಿಪಟೂರು, ತುಮಕೂರು. ಬೆಂಗಳೂರು ಮುಟ್ಟುವಾಗ 300ರ ಹತ್ತಿರ ಬಂತು. ನಮ್ಮ ಮನೆಯಿಂದ ಸೋಗಾನೆಗೆ ನಾರು ಇಟ್ಟರೆ ಅವಳ ಹೆಬ್ಬೆರಳಿನ ಅಗಲವೂ ಆಗಲಿಲ್ಲ.

ಆಗ ಕೇಳಿದಳು. "ಸಣ್ಣಜ್ಜ, ದೂರ ಇಷ್ಟೇನಾ? ವಿಮಾನ ಅರ್ಧ ಗಂಟೇಲಿ ಹೋಗುತ್ತೆ ಅಂದ್ರಿ. ಹಂಗಾದ್ರೆ ಅಜ್ಜಿ ಬೆಳಿಗ್ಗೆ ಹೋದವರು ಊಟದ ಹೊತ್ತು ದಾಟಿದ ಮೇಲೆ ಯಾಕೆ ಆಸ್ಪತ್ರೆ ಮುಟ್ಟಿದ್ದು?"

ಅವಳಿಗೆ ನಾನು ಕೊಟ್ಟ ಉತ್ತರವನ್ನೇ ನಿಮಗೂ ಬರೆಯುತ್ತಿದ್ದೇನೆ.

ಅವಳ ಅಜ್ಜಿ, ಅಂದರೆ ನಮ್ಮ ಅತ್ತಿಗೆಗೆ, 68 ವರ್ಷ. ಬೆನ್ನುಮೂಳೆ ಆಪರೇಷನ್ ಆಗಿದೆ. ಆಪರೇಷನ್ ಮಾಡಿದ ಡಾಕ್ಟರು ಬೆಂಗಳೂರಿನಲ್ಲಿ. ಮೂರು ನಾಲ್ಕು ತಿಂಗಳಿಗೊಮ್ಮೆ ತೋರಿಸಿಕೊಂಡು ಬರಬೇಕು. ಅವರಿಗೆ ಒಂದೂವರೆ ಗಂಟೆಗಿಂತ ಜಾಸ್ತಿ ಕೂರೋಕೆ ಆಗೋದಿಲ್ಲ. ಬಸ್ಸಿನಲ್ಲಿ ಆಗೋದಿಲ್ಲ. ರೈಲಿನಲ್ಲಿ ಮಲಗಿಕೊಂಡು ಹೋಗಬಹುದು, ಆದರೆ ರಾತ್ರಿ ಶಿವಮೊಗ್ಗದ ಸ್ಟೇಷನ್ನಿಗೆ ಕರೆದುಕೊಂಡು ಹೋಗಿ ಮೆಟ್ಟಿಲು ಹತ್ತಿಸಿ, ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಸಿ, ಆಸ್ಪತ್ರೆ ಬಾಗಿಲು ತೆರೆಯುವವರೆಗೆ ಎಲ್ಲಿ ಕೂರಿಸೋದು? ಅದಕ್ಕೇ ವಿಮಾನ ಅಂತ ತೀರ್ಮಾನ ಮಾಡಿದೆವು. ನಮ್ಮ ಮನೆಯಲ್ಲಿ ಅವರೇ ಮೊದಲು ವಿಮಾನ ಹತ್ತಿದ್ದು.

ಕಳೆದ ನವೆಂಬರಿನ ಆ ದಿನದ ಲೆಕ್ಕವನ್ನು ನಾನು ಅಡಿಕೆ ಮಂಡಿಯವರು ಕೊಟ್ಟ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಬೆಳಿಗ್ಗೆ 7:10ಕ್ಕೆ ಮನೆ ಬಿಟ್ಟೆವು. ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟಿ ಶಿವಮೊಗ್ಗ, ಅಲ್ಲಿಂದ ಸೋಗಾನೆ. 9:20ಕ್ಕೆ ನಿಲ್ದಾಣದ ಬಾಗಿಲಲ್ಲಿದ್ದೆವು. ವಿಮಾನ ಹೊರಡುವ ಒಂದು ಗಂಟೆ ಮುಂಚೆ ಕೌಂಟರ್ ಮುಚ್ಚುತ್ತಾರೆ, ದಾರಿಯಲ್ಲಿ ಟಯರ್ ಪಂಕ್ಚರ್ ಆದರೆ ಅಂತ ಇನ್ನೂ ಒಂದು ಗಂಟೆ ಮುಂಚೆಯೇ ಬಂದಿದ್ದೆವು. ಹಳ್ಳಿಯಿಂದ ಹೊರಟವರೆಲ್ಲ ಹಾಗೇ ಮಾಡೋದು. 11:38ಕ್ಕೆ ಚಕ್ರ ನೆಲ ಬಿಟ್ಟಿತು. 12:14ಕ್ಕೆ ದೇವನಹಳ್ಳಿಯಲ್ಲಿ ಚಕ್ರ ನೆಲ ಮುಟ್ಟಿತು. ಬಾಗಿಲು ತೆರೆದದ್ದು 12:26ಕ್ಕೆ. ಗಾಲಿಕುರ್ಚಿ ಬಂದು, ಬ್ಯಾಗು ಸಿಕ್ಕಿ ಹೊರಗೆ ಬಂದಾಗ 12:50. ಟ್ಯಾಕ್ಸಿ ಹಿಡಿದು ಊರಿನ ದಕ್ಷಿಣ ದಿಕ್ಕಿನ ಆಸ್ಪತ್ರೆ ಮುಟ್ಟಿದಾಗ 2:35.

ಒಟ್ಟು ಏಳು ಗಂಟೆ ಇಪ್ಪತ್ತೈದು ನಿಮಿಷ. ಅದರಲ್ಲಿ ಆಕಾಶದಲ್ಲಿ ಇದ್ದದ್ದು 36 ನಿಮಿಷ.

ನೇರ ಕಾರಿನಲ್ಲೇ ಹೋಗಿದ್ದರೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಆಗುತ್ತಿತ್ತು. ಆದರೂ ವಿಮಾನ ದಂಡ ಅಂತ ನಾನು ಖಂಡಿತ ಹೇಳೋದಿಲ್ಲ. ಅತ್ತಿಗೆ ಕಿಟಕಿಯಿಂದ ಕೆಳಗೆ ಕೆರೆಗಳನ್ನು ಎಣಿಸುತ್ತಾ ಕೂತಿದ್ದರು. ಹದಿನೇಳಕ್ಕೆ ಲೆಕ್ಕ ತಪ್ಪಿತು ಅಂದರು. ನೋವು ಅಂತ ಒಂದು ಸಲವೂ ಅನ್ನಲಿಲ್ಲ. ಅವರು ನರಳಿದ್ದು ಎರಡು ಕಡೆ: ಸೋಗಾನೆಗೆ ಹೋಗುವ ದಾರಿಯಲ್ಲಿ, ಮತ್ತು ದೇವನಹಳ್ಳಿಯಿಂದ ಆಸ್ಪತ್ರೆಗೆ ಹೋಗುವ ಟ್ರಾಫಿಕ್ಕಿನಲ್ಲಿ.

ನಾನು ಹೇಳಬೇಕಾದ ಮಾತು ಇದೇ. ಎರಡು ವಿಮಾನ ನಿಲ್ದಾಣದ ನಡುವಿನ ದೂರವನ್ನು ನೀವು ಚೆನ್ನಾಗಿಯೇ ಕಡಿಮೆ ಮಾಡಿದ್ದೀರಿ. ಮನೆಯಿಂದ ನಿಲ್ದಾಣಕ್ಕೆ ಇರುವ ದೂರ ಮಾತ್ರ ಇದ್ದ ಹಾಗೇ ಇದೆ. ಇನ್ನು ಮೇಲೆ ಹೊತ್ತು ಉಳಿಸಬೇಕಾದ್ದು ನೆಲದ ಮೇಲೆ.

ಅಂದಹಾಗೆ, ಟಿಕೆಟ್ಟಿನಲ್ಲಿ ಹಾರಾಟದ ಸಮಯ ಒಂದು ಗಂಟೆಗೂ ಮೇಲೆ ಅಂತ ಇರುತ್ತದೆ, ನಿಜವಾಗಿ ಹಾರೋದು ಅರ್ಧ ಗಂಟೆ ಚಿಲ್ಲರೆ. ಇದು ಮೋಸ ಅಂತ ನಮ್ಮೂರಿನ ಕೆಲವರು ತಿಳಿದುಕೊಂಡಿದ್ದಾರೆ. ಮೋಸ ಏನೂ ಅಲ್ಲ. ನಿಂತ ವಿಮಾನದ ಗಾಲಿಗೆ ಕೊಟ್ಟ ಅಡ್ಡಗಟ್ಟೆ ತೆಗೆದಾಗಿನಿಂದ, ಆ ಕಡೆ ಹೋಗಿ ನಿಂತು ಮತ್ತೆ ಅಡ್ಡಗಟ್ಟೆ ಕೊಡುವವರೆಗೆ ಲೆಕ್ಕ ಹಿಡಿಯುತ್ತಾರೆ. ಈ ದಾರಿಯಲ್ಲಿ ಓಡುವ ಪಂಖದ ವಿಮಾನ, ಎಟಿಆರ್, ಮೇಲೆ ಹೋದ ಮೇಲೆ ಗಂಟೆಗೆ ಸುಮಾರು 500 ಕಿಲೋಮೀಟರ್ ವೇಗ ಹಿಡಿಯುತ್ತದೆ. ಆ ಲೆಕ್ಕಕ್ಕೆ 240 ಕಿಲೋಮೀಟರಿಗೆ ಅರ್ಧ ಗಂಟೆಯೂ ಬೇಡ. ಆದರೆ ಹತ್ತುವಾಗ ಇಳಿಯುವಾಗ ಆ ವೇಗ ಇರೋದಿಲ್ಲ. ಬೆಂಗಳೂರಿನಲ್ಲಿ ಎರಡು ರನ್‌ವೇ ಪೂರ್ವ ಪಶ್ಚಿಮವಾಗಿ ಇವೆ. ಗಾಳಿ ನೋಡಿಕೊಂಡು ಒಂದೊಂದು ದಿನ ಪಶ್ಚಿಮದಿಂದ ಬಂದ ನಮ್ಮ ವಿಮಾನ ಸುತ್ತು ಹಾಕಿ ಪೂರ್ವದ ಕಡೆಯಿಂದ ಇಳಿಯಬೇಕು. ಮುಂದೆ ನಾಲ್ಕು ದೊಡ್ಡ ವಿಮಾನ ಸಾಲಿನಲ್ಲಿದ್ದರೆ ಕಾಯಬೇಕು. ಇಳಿದ ಮೇಲೆ ನಿಲ್ಲುವ ಜಾಗಕ್ಕೆ ಉರುಳಿಕೊಂಡು ಹೋಗೋಕೇ ಹತ್ತು ನಿಮಿಷ ಬೇಕು. ಹೀಗಾಗಿ ಹತ್ತಿರದ ಊರುಗಳ ನಡುವೆ ವಿಮಾನದ ಲಾಭ ಕಡಿಮೆ, ದೂರ ಜಾಸ್ತಿ ಆದಷ್ಟೂ ಲಾಭ ಜಾಸ್ತಿ. ಈ ಮಾತನ್ನು ಮುಂದೆ ಇನ್ನೊಂದು ಸಲ ಹೇಳಬೇಕಾಗುತ್ತದೆ.

ಮೊದಲು ಮಳೆಗಾಲದ ಕಥೆ.

ನವೆಂಬರಿನ ಆ ಪ್ರಯಾಣಕ್ಕೆ ಮುಂಚೆ, ಜುಲೈನಲ್ಲಿ ಒಂದು ಸಲ ಹೊರಟಿದ್ದೆವು. ಪುನರ್ವಸು ಮಳೆ ಬಿಡದೆ ಹೊಯ್ಯುತ್ತಿತ್ತು. ಸೋಗಾನೆ ಮುಟ್ಟಿದಾಗ ಮಳೆ ನಿಂತಿತ್ತು, ಆದರೆ ಮೋಡ ತಲೆ ಮೇಲೇ ಕೂತ ಹಾಗಿತ್ತು. ರನ್‌ವೇಯ ಆ ತುದಿ ಕಾಣುತ್ತಿರಲಿಲ್ಲ. ಹನ್ನೊಂದು ಗಂಟೆ ಹೊತ್ತಿಗೆ ಬೆಂಗಳೂರಿನಿಂದ ಬಂದ ವಿಮಾನದ ಸದ್ದು ಕೇಳಿಸಿತು. ಎಲ್ಲರೂ ಎದ್ದು ಗಾಜಿನ ಹತ್ತಿರ ಹೋದೆವು. ಸದ್ದು ತಲೆ ಮೇಲೆ ಹಾದು ಹೋಯಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಂತು. ಮೋಡದ ಒಳಗೆ ಎಲ್ಲೋ ಸುತ್ತುತ್ತಿತ್ತು, ಕಣ್ಣಿಗೆ ಕಾಣಲಿಲ್ಲ. ಮೂರನೇ ಸಲ ಸದ್ದು ಸಣ್ಣದಾಗುತ್ತಾ ಹೋಯಿತು, ತಿರುಗಿ ಬರಲಿಲ್ಲ. ಪಕ್ಕದಲ್ಲಿ ಒಬ್ಬ ಹುಡುಗ ಫೈಲು ಹಿಡಿದು ನಿಂತಿದ್ದ. ಮಧ್ಯಾಹ್ನ ಮೂರು ಗಂಟೆಗೆ ಅವನಿಗೆ ಕೆಲಸದ ಇಂಟರ್‌ವ್ಯೂ ಇತ್ತು. ಅವನು ಏನೂ ಮಾತಾಡಲಿಲ್ಲ. ಸುಮ್ನೆ ಗಾಜಿನ ಮೇಲೆ ಕೈ ಇಟ್ಟುಕೊಂಡು ನಿಂತೇ ಇದ್ದ.

ವಿಮಾನ ವಾಪಸ್ ಹೋಯಿತು ಅಂತ ಹೇಳಿದರು. ದುಡ್ಡು ವಾಪಸ್ ಬರುತ್ತದೆ ಅಂದರು, ಬಂತು ಕೂಡ. ಆದರೆ ಅತ್ತಿಗೆಯನ್ನು ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು 300 ಕಿಲೋಮೀಟರ್ ಹೋದೆವು. ಅರಸೀಕೆರೆ ಹತ್ತಿರ ಅವರು, ಇಲ್ಲೇ ಎಲ್ಲಾದರೂ ಮರದ ಕೆಳಗೆ ಇಳಿಸಿಬಿಡಿ ಭಾವ, ಸ್ವಲ್ಪ ನೆಲದ ಮೇಲೆ ಮಲಗುತ್ತೀನಿ ಅಂದರು. ರಸ್ತೆ ಪಕ್ಕ ಚಾಪೆ ಹಾಸಿ ಇಪ್ಪತ್ತು ನಿಮಿಷ ಮಲಗಿಸಿದೆವು. ಆಸ್ಪತ್ರೆ ಮುಟ್ಟಿದಾಗ ಡಾಕ್ಟರು ಮನೆಗೆ ಹೋಗಿಯಾಗಿತ್ತು.

ಇದರಲ್ಲಿ ನಾನು ಯಾರನ್ನೂ ದೂರೋದಿಲ್ಲ. ಪೈಲಟ್ ಮಾಡಿದ್ದು ನೂರಕ್ಕೆ ನೂರು ಸರಿ. ಕಾಣದ ನೆಲಕ್ಕೆ ವಿಮಾನ ಇಳಿಸಬಾರದು. ಆದರೆ ಅವತ್ತಿನಿಂದ ಈ ವಿಷಯ ತಿಳಿದವರನ್ನು ಕೇಳಿ ಕೇಳಿ ಒಂದಷ್ಟು ತಿಳಿದುಕೊಂಡೆ. ಅದನ್ನು ಈ ಪತ್ರ ಓದುವ ನಮ್ಮ ಜನರಿಗೂ ಹೇಳಬೇಕು.

ವಿಮಾನ ಇಳಿಸೋದಕ್ಕೆ ಎರಡು ದಾರಿ. ಒಂದು, ಪೈಲಟ್ ಕಣ್ಣಿನಿಂದಲೇ ರನ್‌ವೇ ನೋಡಿ ಇಳಿಸೋದು. ಇದಕ್ಕೆ ನಮ್ಮ ದೇಶದ ನಿಯಮದ ಪ್ರಕಾರ 5 ಕಿಲೋಮೀಟರ್ ದೂರ ಸ್ಪಷ್ಟವಾಗಿ ಕಾಣಬೇಕು, ಮೋಡವೂ ಎತ್ತರದಲ್ಲಿರಬೇಕು. ಇನ್ನೊಂದು, ನೆಲದ ಮೇಲೆ ಇಟ್ಟ ಉಪಕರಣದ ಸಹಾಯದಿಂದ ಇಳಿಸೋದು. ಇದರಲ್ಲಿ ಚೆನ್ನಾಗಿರುವುದು ಐಎಲ್‌ಎಸ್. ರನ್‌ವೇಯ ಹತ್ತಿರ ಇಟ್ಟ ಉಪಕರಣಗಳಿಂದ ಎರಡು ರೇಡಿಯೋ ಕಿರಣ ಹೊರಡುತ್ತವೆ. ಒಂದು, ವಿಮಾನ ಎಡಕ್ಕಿದೆಯೋ ಬಲಕ್ಕಿದೆಯೋ ಹೇಳುತ್ತದೆ. ಇನ್ನೊಂದು, ಇಳಿಜಾರಿಗೆ ಸರಿಯಾಗಿ ಇಳಿಯುತ್ತಿದೆಯೋ ಇಲ್ಲವೋ ಹೇಳುತ್ತದೆ. ಕತ್ತಲಲ್ಲಿ ಹಗ್ಗ ಹಿಡಿದುಕೊಂಡು ಮೆಟ್ಟಿಲು ಇಳಿದ ಹಾಗೆ. ಇದರ ಮೊದಲ ಮಟ್ಟದ ವ್ಯವಸ್ಥೆ ಇದ್ದರೆ, ರನ್‌ವೇ ದೀಪಗಳೂ ಸರಿಯಾಗಿದ್ದರೆ, 550 ಮೀಟರ್ ಕಂಡರೂ ಸಾಕು.

5 ಕಿಲೋಮೀಟರ್ ಎಲ್ಲಿ, 550 ಮೀಟರ್ ಎಲ್ಲಿ! ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಬೆಳಿಗ್ಗೆ 5 ಕಿಲೋಮೀಟರ್ ಕಾಣುವ ದಿನ ಎಷ್ಟು ಸಿಗುತ್ತವೆ? ಮಳೆಗಾಲ ಮುಗಿದು ಚಳಿ ಬಿದ್ದ ಮೇಲೆ ಕಾವಳ ಇದ್ದೇ ಇದೆ. ತೋಟದಲ್ಲಿ ಹತ್ತು ಮರದ ಆಚೆ ಇರುವ ಮರ ಕಾಣೋದಿಲ್ಲ. ಬಿಸಿಲು ಏರುವವರೆಗೆ ಅದು ಕದಲೋದಿಲ್ಲ. ಮಲೆನಾಡಿನ ಅಂಚಿನಲ್ಲಿ ವಿಮಾನ ನಿಲ್ದಾಣ ಕಟ್ಟಿದ ಮೇಲೆ ಮಳೆ, ಮೋಡ, ಕಾವಳ ಅನ್ನೋದು ಅಪರೂಪಕ್ಕೆ ಬರುವ ತೊಂದರೆ ಅಂತ ನೋಡೋಕೆ ಆಗೋದಿಲ್ಲ. ವರ್ಷದ ಅರ್ಧ ಭಾಗ ಅದೇ.

ನಿಲ್ದಾಣ ತೆರೆದ ಹೊಸದರಲ್ಲಿ ರಾತ್ರಿ ಇಳಿಯುವ ವ್ಯವಸ್ಥೆಯೂ ಇರಲಿಲ್ಲ. ಅದರಿಂದ ನಮ್ಮಂಥವರಿಗೆ ಆಗುವ ನಷ್ಟ ಏನು ಅಂತ ಒಂದು ಮಾತು. ಬೆಳಿಗ್ಗೆ ಬೇಗ ಒಂದು ವಿಮಾನ ಹೊರಟು, ರಾತ್ರಿ ಎಂಟಕ್ಕೋ ಒಂಬತ್ತಕ್ಕೋ ಒಂದು ವಿಮಾನ ವಾಪಸ್ ಬಂದರೆ, ರೋಗಿ ಒಂದೇ ದಿನದಲ್ಲಿ ತೋರಿಸಿಕೊಂಡು ಮನೆಗೆ ಬರಬಹುದು. ಮಧ್ಯಾಹ್ನದ ವಿಮಾನ ಒಂದೇ ಆದರೆ ಬೆಂಗಳೂರಿನಲ್ಲಿ ಎರಡು ರಾತ್ರಿ ಲಾಡ್ಜ್. ಅತ್ತಿಗೆಯ ಜೊತೆ ಇಬ್ಬರು. ಆ ಖರ್ಚು ಟಿಕೆಟ್ಟಿಗಿಂತ ಜಾಸ್ತಿ ಆಗುತ್ತದೆ. ವಕೀಲರಿಗೂ, ವ್ಯಾಪಾರದವರಿಗೂ, ವಿಧಾನಸೌಧದಲ್ಲಿ ಕಾಗದ ಪತ್ರದ ಕೆಲಸ ಇರುವ ರೈತರಿಗೂ ಇದೇ ಪಾಡು.

ಹಾಗಾಗಿ ರಾತ್ರಿ ಇಳಿಯುವ ದೀಪ, ದಾರಿ ತೋರುವ ಉಪಕರಣ, ಅದನ್ನು ಬಳಸೋಕೆ ಬೇಕಾದ ಅನುಮತಿ, ಇವೆಲ್ಲ ಯಾವ ಹಂತದಲ್ಲಿವೆ ಅನ್ನೋದನ್ನು ಜನರಿಗೆ ಸರಳವಾಗಿ ತಿಳಿಸಿ. ಉಪಕರಣ ತಂದು ನಿಲ್ಲಿಸಿದರೆ ಮುಗಿಯೋದಿಲ್ಲ ಅಂತ ನಮಗೂ ಗೊತ್ತು. ವಿಮಾನ ಹಾರಿಸಿ ಪರೀಕ್ಷೆ ಮಾಡಬೇಕು, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಒಪ್ಪಬೇಕು. ಹೊತ್ತು ಹಿಡಿಯುತ್ತದೆ ಅಂದರೆ ನಾವು ಕಾಯುತ್ತೇವೆ. ಆದರೆ ಎಷ್ಟು ಕಾಯಬೇಕು ಅಂತ ಗೊತ್ತಿದ್ದರೆ ಕಾಯೋದು ಸುಲಭ ಅಲ್ವಾ?

ಅದಕ್ಕಿಂತ ಮುಂಚೆ, ಖರ್ಚೇ ಇಲ್ಲದ ಒಂದು ಕೆಲಸ ಇದೆ. ಸೋಗಾನೆಯಲ್ಲಿ ಈಗ ಎಷ್ಟು ದೂರ ಕಾಣುತ್ತಿದೆ, ಮೋಡ ಎಷ್ಟು ಎತ್ತರದಲ್ಲಿದೆ ಅನ್ನೋದನ್ನು ಹಾರಾಟಕ್ಕಾಗಿ ಅಳೆಯುತ್ತಲೇ ಇರುತ್ತಾರೆ. ಆ ಅಳತೆಯನ್ನು ಕನ್ನಡದಲ್ಲಿ, ಮೊಬೈಲ್ ಮೆಸೇಜಿನಲ್ಲಿ, ಟಿಕೆಟ್ ತೆಗೆದವರಿಗೆಲ್ಲ ಬೆಳಿಗ್ಗೆ ಆರಕ್ಕೆ ಒಂದು ಸಲ, ಎಂಟಕ್ಕೆ ಒಂದು ಸಲ ಕಳಿಸಿ. ವಿಮಾನ ಬರುತ್ತದೋ ಇಲ್ಲವೋ ಅಂತ ಭರವಸೆ ಕೊಡಬೇಡಿ. ಕಾಣುವ ದೂರ ಇಷ್ಟು, ಇಳಿಯೋಕೆ ಬೇಕಾದ್ದು ಇಷ್ಟು, ಅಂತ ಎರಡೇ ಸಾಲು. ಶಿವಮೊಗ್ಗ ಪೇಟೆಯವರಿಗೆ ಇದರಿಂದ ಅಷ್ಟೇನೂ ವ್ಯತ್ಯಾಸ ಆಗಲಿಕ್ಕಿಲ್ಲ, ಅವರಿಗೆ ನಿಲ್ದಾಣ ಹತ್ತು ಕಿಲೋಮೀಟರ್ ಆಸುಪಾಸು. ಸಾಗರ, ಹೊಸನಗರ, ತೀರ್ಥಹಳ್ಳಿ, ಶೃಂಗೇರಿ, ಕೊಪ್ಪದಿಂದ ಬರುವವರಿಗೆ ಆ ಎರಡು ಸಾಲು ಇಡೀ ದಿನವನ್ನೇ ಉಳಿಸುತ್ತದೆ. ಜುಲೈನಲ್ಲಿ ನಮಗೆ ಆ ಮೆಸೇಜು ಬಂದಿದ್ದರೆ ಬೆಳಿಗ್ಗೆ ಏಳಕ್ಕೇ ನೇರ ಕಾರಿನಲ್ಲಿ ಹೊರಟುಬಿಡುತ್ತಿದ್ದೆವು. ಸಂಜೆ ನಾಲ್ಕರ ಒಳಗೆ ಡಾಕ್ಟರು ಸಿಗುತ್ತಿದ್ದರು.

ಇನ್ನು ಬಸ್ಸಿನ ವಿಷಯ. ಇದನ್ನು ಸಾರಿಗೆ ಸಚಿವರು ದಯವಿಟ್ಟು ಓದಬೇಕು.

ಮೈಸೂರಿನಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ನೇರ ಹೋಗುವ ಫ್ಲೈಬಸ್ಸನ್ನು ನಮ್ಮ ಸಾರಿಗೆ ನಿಗಮವೇ ವರ್ಷಗಳಿಂದ ಓಡಿಸಿದೆ. ಬೆಂಗಳೂರಿನ ಒಳಗೆ ವಾಯುವಜ್ರ ಬಸ್ಸುಗಳಿವೆ. ಅಂದರೆ ವಿಮಾನಕ್ಕೆ ಹೊಂದುವ ಬಸ್ಸು ಓಡಿಸೋದು ನಮ್ಮವರಿಗೆ ಬಾರದ ವಿದ್ಯೆ ಅಲ್ಲ. ಅದನ್ನೇ ಸಣ್ಣ ಮಟ್ಟದಲ್ಲಿ ಮಲೆನಾಡಿಗೆ ಮಾಡಿ. ದೊಡ್ಡ ಬಸ್ಸು ಬೇಡ. ಇಪ್ಪತ್ತು ಸೀಟಿನ ಮಿನಿ ಬಸ್ಸು ಸಾಕು. ಒಂದು ತೀರ್ಥಹಳ್ಳಿಯಿಂದ, ಒಂದು ಸಾಗರದಿಂದ ಹೊರಡಲಿ. ಮುಖ್ಯವಾಗಿ, ವಾಪಸ್ ಬರುವಾಗ ವಿಮಾನ ತಡ ಆದರೆ ಬಸ್ಸು ಕಾಯಬೇಕು. ಹೊತ್ತಾಯ್ತು ಅಂತ ಖಾಲಿ ಹೊರಟುಹೋದರೆ ಆ ಬಸ್ಸನ್ನು ನಂಬಿ ಯಾರೂ ಟಿಕೆಟ್ ತೆಗೆಯೋದಿಲ್ಲ. ವಿಮಾನ ರದ್ದಾದ ದಿನ ಅದೇ ಬಸ್ಸು ಜನರನ್ನು ಶಿವಮೊಗ್ಗ ರೈಲ್ವೆ ಸ್ಟೇಷನ್ನಿಗೋ ಬಸ್ ಸ್ಟ್ಯಾಂಡಿಗೋ ಮುಟ್ಟಿಸಲಿ. ಹಿಂದಿನ ಎರಡು ಸೀಟು ತೆಗೆದು, ಕಾಲು ಚಾಚಿ ಒರಗುವ ಹಾಗೆ ಒಂದು ಉದ್ದ ಸೀಟು ಹಾಕಿಸಿದರೆ ನಮ್ಮ ಅತ್ತಿಗೆಯಂಥವರು ನಿಮ್ಮನ್ನು ನೆನೆಯುತ್ತಾರೆ.

ಒಬ್ಬರಿಗೆ ಕಾರು ಬಾಡಿಗೆಗೆ ಹಿಡಿಯೋಕೆ ತಾಕತ್ತಿರುತ್ತದೆ, ಇನ್ನೊಬ್ಬರಿಗೆ ಇರೋದಿಲ್ಲ. ಹವಾಯಿ ಚಪ್ಪಲಿ ಹಾಕಿದವರೂ ವಿಮಾನ ಹತ್ತಬೇಕು ಅನ್ನೋ ಆಸೆಯಿಂದ ಕೇಂದ್ರ ಸರ್ಕಾರ 2016ರಲ್ಲಿ ಉಡಾನ್ ಯೋಜನೆ ತಂದಿತು. ಸುಮಾರು ಒಂದು ಗಂಟೆಯ ಹಾರಾಟಕ್ಕೆ, ಒಂದಷ್ಟು ಸೀಟಿಗೆ 2,500 ರೂಪಾಯಿ ಅಂತ ಮಿತಿ ಹಾಕಿ ಶುರು ಮಾಡಿದರು. ಒಳ್ಳೆಯ ಯೋಚನೆ. ಆದರೆ ತೀರ್ಥಹಳ್ಳಿ ಕಡೆಯ ಹಳ್ಳಿಯಿಂದ ಸೋಗಾನೆಗೆ ಕಾರು ಬಾಡಿಗೆ, ಮತ್ತೆ ದೇವನಹಳ್ಳಿಯಿಂದ ಊರೊಳಗೆ ಟ್ಯಾಕ್ಸಿ ಬಾಡಿಗೆ ಸೇರಿದರೆ ಆ ಮಿತಿ ಎಲ್ಲಿ ಉಳಿಯಿತು? ನೆಲದ ಮೇಲಿನ ಪ್ರಯಾಣಕ್ಕೂ ಒಂದು ಉಡಾನ್ ಬೇಕು.

ಈಗ ಹೊಸ ದಾರಿಗಳ ಬಗ್ಗೆ. ಇದರಲ್ಲಿ ನಮ್ಮ ಜನರ ಜೊತೆಗೇ ನನಗೆ ಸ್ವಲ್ಪ ಭಿನ್ನಾಭಿಪ್ರಾಯ ಇದೆ, ಅದನ್ನೂ ಬರೆಯುತ್ತೇನೆ.

ಶಿವಮೊಗ್ಗದಿಂದ ಮಂಗಳೂರಿಗೆ ವಿಮಾನ ಬಿಡಿ ಅಂತ ಆಗಾಗ ಬೇಡಿಕೆ ಕೇಳಿಬರುತ್ತದೆ. ನೇರ ಗೆರೆ ಎಳೆದರೆ ಸೋಗಾನೆಯಿಂದ ಬಜ್ಪೆಗೆ ಸುಮಾರು 126 ಕಿಲೋಮೀಟರ್. ಇಪ್ಪತ್ತೈದು ನಿಮಿಷ ಸಾಕು. ಕೇಳೋಕೆ ಚೆಂದ. ಆದರೆ ನಮ್ಮ ಕಡೆಯವರು ಘಟ್ಟ ಇಳಿಯೋದು ಹೆಚ್ಚಾಗಿ ಮಣಿಪಾಲದ ಆಸ್ಪತ್ರೆಗೆ. ತೀರ್ಥಹಳ್ಳಿಯಿಂದ ಆಗುಂಬೆ ಮೇಲೆ ಮಣಿಪಾಲ ತೊಂಬತ್ತು ಕಿಲೋಮೀಟರ್ ಆಸುಪಾಸು. ಅದನ್ನು ಬಿಟ್ಟು ಪೂರ್ವಕ್ಕೆ ಎಪ್ಪತ್ತು ಕಿಲೋಮೀಟರ್ ಸೋಗಾನೆಗೆ ಹೋಗಿ, ಎರಡು ಗಂಟೆ ಕಾದು, ಬಜ್ಪೆಯಲ್ಲಿ ಇಳಿದು, ಅಲ್ಲಿಂದ ಮತ್ತೆ ಉತ್ತರಕ್ಕೆ ಅರವತ್ತು ಕಿಲೋಮೀಟರ್ ಯಾರು ಹೋಗುತ್ತಾರೆ? ಇಲ್ಲಿ ನಮಗೆ ಬೇಕಾಗಿರೋದು ವಿಮಾನ ಅಲ್ಲ. ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಮಳೆಗಾಲದಲ್ಲೂ ಕುಸಿಯದೆ ನಿಲ್ಲಬೇಕು. ಆಂಬುಲೆನ್ಸ್ ತಡೆಯಿಲ್ಲದೆ ಇಳಿಯಬೇಕು. ಹುಬ್ಬಳ್ಳಿಯದೂ ಇದೇ ಕಥೆ, ನೇರ 175 ಕಿಲೋಮೀಟರ್. ಅದಕ್ಕೆ ರಸ್ತೆಯೇ ಸಾಕು.

ಕಲಬುರಗಿ ಬೇರೆ.

ನಮ್ಮ ಪಕ್ಕದ ಮನೆಯ ಹುಡುಗಿ ಕಲಬುರಗಿ ಜಿಲ್ಲೆಯ ಒಂದು ಹಳ್ಳಿ ಶಾಲೆಯಲ್ಲಿ ಟೀಚರ್. ಮಲೆನಾಡಿನಿಂದ ಆ ಕಡೆ ಕೆಲಸಕ್ಕೆ ಹೋದವರು ಅವಳೊಬ್ಬಳೇ ಅಲ್ಲ. ಶಾಲೆ, ಬ್ಯಾಂಕು, ಆಸ್ಪತ್ರೆ, ಪಂಚಾಯಿತಿ, ಎಲ್ಲ ಕಡೆ ನಮ್ಮವರಿದ್ದಾರೆ. ಆ ಕಡೆಯವರು ನಮ್ಮಲ್ಲೂ ಇದ್ದಾರೆ. ಸೋಗಾನೆಯಿಂದ ಕಲಬುರಗಿ ನಿಲ್ದಾಣಕ್ಕೆ ನೇರ ಸುಮಾರು 410 ಕಿಲೋಮೀಟರ್. ಎಟಿಆರ್ ವಿಮಾನಕ್ಕೆ ಒಂದೂಕಾಲು ಗಂಟೆಯ ದಾರಿ. ರಸ್ತೆಯಲ್ಲಿ 500 ಕಿಲೋಮೀಟರಿನ ಹತ್ತಿರ, ಅಂದರೆ ಒಂದು ಇಡೀ ರಾತ್ರಿ. ಬೆಂಗಳೂರಿನ ಮೇಲೆ ಸುತ್ತಿ ಹಾರಿದರೆ ಮೊದಲು ಆಗ್ನೇಯಕ್ಕೆ 240, ಆಮೇಲೆ ಉತ್ತರಕ್ಕೆ 460, ಒಟ್ಟು 700 ಕಿಲೋಮೀಟರ್. ಹತ್ತಿರದ ಊರಿಗೆ ವಿಮಾನದಿಂದ ಲಾಭ ಕಡಿಮೆ ಅಂತ ಆಗಲೇ ಬರೆದೆನಲ್ಲ, ಅದರ ಇನ್ನೊಂದು ಮುಖ ಇದು. ರಸ್ತೆ ಒಂದು ರಾತ್ರಿ ತಿನ್ನುವ ಕಡೆ, ಎರಡೂ ತುದಿಯಲ್ಲಿ ಎರಡೆರಡು ಗಂಟೆ ಕಳೆದರೂ ವಿಮಾನವೇ ಗೆಲ್ಲುತ್ತದೆ.

ಎರಡೂ ಕಡೆ ನಿಲ್ದಾಣ ಇದೆ. ಕಲಬುರಗಿಯದು 2019ರ ನವೆಂಬರಿನಲ್ಲಿ ಶುರುವಾಯಿತು, ನಮ್ಮದು 2023ರಲ್ಲಿ. ಎರಡು ಕಡೆಯೂ ಮೂರು ಕಿಲೋಮೀಟರ್ ದಾಟಿದ ರನ್‌ವೇ. ನಮ್ಮದು 3,200 ಮೀಟರ್, ಬೆಂಗಳೂರು ಬಿಟ್ಟರೆ ರಾಜ್ಯದಲ್ಲೇ ಉದ್ದದ್ದು ಅಂತ ಉದ್ಘಾಟನೆ ದಿನ ಹೆಮ್ಮೆಯಿಂದ ಹೇಳಿದರು. ಅಷ್ಟು ಉದ್ದದ ರನ್‌ವೇಯನ್ನು ದಿನಕ್ಕೆ ಕೆಲವೇ ಸಲ ಬಳಸಿದರೆ ಹೇಗೆ? ದಿನಾ ಬೇಡ. ಶುಕ್ರವಾರ ಸಂಜೆ ಒಂದು, ಭಾನುವಾರ ಸಂಜೆ ಒಂದು ಓಡಿಸಿ ನೋಡಿ. ಊರಿಗೆ ಬಂದು ಹೋಗುವ ನೌಕರರ ಲೆಕ್ಕ ನಿಮ್ಮ ಇಲಾಖೆಗಳಲ್ಲೇ ಸಿಗುತ್ತದೆ. ಶುರುವಿಗೆ ಖಾಲಿ ಸೀಟಿನ ನಷ್ಟವನ್ನು ಸರ್ಕಾರ ತುಂಬಿಕೊಡಬೇಕಾಗಬಹುದು. ಉಡಾನ್ ದಾರಿಗಳಿಗೆ ಮೂರು ವರ್ಷ ಹಾಗೇ ಕೊಡುತ್ತಾರಲ್ಲ. ರಾಜ್ಯದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗೋಕೆ ಪ್ರತಿಸಲವೂ ಬೆಂಗಳೂರಿನ ಬಾಗಿಲು ತಟ್ಟಬೇಕಾ?

ಮಳೆಗಾಲದ ಸಂಜೆಗೆ, ರಾತ್ರಿಗೆ ಈ ವಿಮಾನ ಬರಬೇಕು ಅಂದರೆ ಮತ್ತೆ ಅದೇ ಉಪಕರಣ, ಅದೇ ದೀಪದ ಮಾತಿಗೆ ಬರಬೇಕಾಗುತ್ತದೆ. ಒಂದಕ್ಕೊಂದು ಅಂಟಿಕೊಂಡಿವೆ.

ಸೋಗಾನೆಯ ರೈತರ ವಿಷಯ ಬರೆಯದೆ ಈ ಪತ್ರ ಮುಗಿಸೋಕೆ ಮನಸ್ಸು ಬರುತ್ತಿಲ್ಲ. ಈ ನಿಲ್ದಾಣದ ಮಾತು ಶುರುವಾಗಿ ಮುಗಿಯೋಕೆ ಹದಿನೈದು ವರ್ಷ ಹಿಡಿಯಿತು. ಸುಮಾರು 450 ಕೋಟಿ ರೂಪಾಯಿ ಖರ್ಚಾಗಿದೆ. ಅದಕ್ಕಿಂತ ಮುಂಚೆ ಅಲ್ಲಿ ಜಮೀನು ಮಾಡಿಕೊಂಡಿದ್ದ ರೈತರು ಅದನ್ನು ಬಿಟ್ಟುಕೊಟ್ಟಿದ್ದಾರೆ. ನಾನೂ ಮಣ್ಣಿನಲ್ಲೇ ಬದುಕುವವನು. ಮೂರು ಕಿಲೋಮೀಟರ್ ಉದ್ದದ ಆ ಡಾಂಬರಿನ ಕೆಳಗೆ ಯಾರೋ ಉತ್ತ ನೆಲ ಇದೆ ಅಂತ ವಿಮಾನ ಹತ್ತುವಾಗ ನೆನಪಾಯಿತು. ಅವರಿಗೆ ಕೊಟ್ಟ ಮಾತು ಯಾವುದಾದರೂ ಬಾಕಿ ಇದ್ದರೆ ಮೊದಲು ಅದನ್ನು ತೀರಿಸಿ. ಆಮೇಲೆ ಆ ರನ್‌ವೇಯನ್ನು ಮಳೆಯಲ್ಲೂ, ಕಾವಳದಲ್ಲೂ, ರಾತ್ರಿಯಲ್ಲೂ ಬಳಸಿ.

2023ರ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಇಳಿದಾಗ ನಮ್ಮ ಮನೆಯಲ್ಲಿ ಟಿವಿ ಮುಂದೆ ಎಲ್ಲರೂ ಕೂತಿದ್ದೆವು. ಅಣ್ಣ ಆಗ ಇನ್ನೂ ಇದ್ದರು. ಬೆಂಗಳೂರಿಗೆ ಹೋಗೋಕೆ ಅವರ ಕಾಲದಲ್ಲಿ ಹಿಂದಿನ ರಾತ್ರಿಯೇ ಬುತ್ತಿ ಕಟ್ಟಿಕೊಂಡು ಹೊರಡಬೇಕಿತ್ತು ಅಂತ ಹೇಳಿದರು. ಇನ್ನು ಅದೆಲ್ಲ ತಪ್ಪಿತು ಅಂದರು. ಅತ್ತಿಗೆ ನವೆಂಬರಿನಲ್ಲಿ ಹೊರಟಾಗಲೂ ಮೊಸರನ್ನದ ಬುತ್ತಿ ಕಟ್ಟಿಕೊಂಡೇ ಹೋದರು. ದೇವನಹಳ್ಳಿಯಿಂದ ಆಸ್ಪತ್ರೆಗೆ ಹೋಗುವ ಟ್ಯಾಕ್ಸಿಯಲ್ಲಿ, ಸಿಗ್ನಲ್ಲಿನಲ್ಲಿ ನಿಂತಾಗ ಅದನ್ನು ಬಿಚ್ಚಿ ಉಂಡೆವು.

ಅವರ ಮುಂದಿನ ತಪಾಸಣೆ ಮತ್ತೆ ಮಳೆಗಾಲದಲ್ಲೇ ಬರುತ್ತದೆ. ಉಪಕರಣಕ್ಕೆ, ಬಸ್ಸಿಗೆ, ಕಲಬುರಗಿ ವಿಮಾನಕ್ಕೆ ನಿಮಗೆ ಎಷ್ಟು ತಿಂಗಳು ಬೇಕೋ ತೆಗೆದುಕೊಳ್ಳಿ. ಅಲ್ಲಿಯವರೆಗೆ ಒಂದು ಫೋನ್ ನಂಬರ್ ಕೊಡಿ. ಬೆಳಿಗ್ಗೆ ಆರು ಗಂಟೆಗೆ, ಅವರನ್ನು ಹಾಸಿಗೆಯಿಂದ ಎಬ್ಬಿಸುವ ಮುಂಚೆ, ಸೋಗಾನೆಯಲ್ಲಿ ಎಷ್ಟು ದೂರ ಕಾಣುತ್ತಿದೆ ಅಂತ ಕೇಳಿದರೆ ಕನ್ನಡದಲ್ಲಿ ಉತ್ತರ ಹೇಳುವವರು ಒಬ್ಬರು ಆ ಕಡೆ ಇರಲಿ.

ಇಂತಿ,
ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರ